ಬಂಡೆ ಕಡೆಯ ಕಿಟಕಿ

ಹುಬ್ಬಳ್ಳಿಯಲ್ಲಿ ನೇಮಿನಾಥ ಎಂಬವನೊಬ್ಬ ಬೆಟ್ಟ ಕಟ್ಟುತ್ತಿದ್ದ. ಕಂಪ್ಯೂಟರಿನೊಳಗೆ.

ರೈಲು ಓಡಿಸುವ ಆಟವೊಂದಿದೆ. ಮನೆಯಲ್ಲಿ ಕೂತು ಎಂಜಿನ್ ನಡೆಸಬಹುದು, ಬ್ರೇಕ್ ಹಾಕಬಹುದು, ಸಿಗ್ನಲ್ ಕೆಂಪಾಗಿದ್ದರೆ ಕಾಯಲೂಬಹುದು. ನಿಜವಾದ ರೈಲು ನಿಂತರೆ ಬೈಯುವ ಜನ ಈ ಆಟದಲ್ಲಿ ದುಡ್ಡು ಕೊಟ್ಟು ಕಾಯುತ್ತಾರೆ. ಇಷ್ಟವಿದ್ದವರು ತಮ್ಮ ಊರಿನ ಹಳಿ, ಗುಡ್ಡ, ಸೇತುವೆಗಳನ್ನು ತಾವೇ ಮಾಡಿ ಆಟಕ್ಕೆ ಸೇರಿಸಬಹುದು. ನೇಮಿನಾಥ ಮಾಡುತ್ತಿದ್ದದ್ದು ಕರೇಕಲ್ಲು ಘಾಟಿಯ ಮಾರ್ಗ.

ಆ ಘಾಟಿಯಲ್ಲಿ ಹಳಿ ಬೆಟ್ಟದ ಸೊಂಟ ಬಳಸಿಕೊಂಡು ಕರಾವಳಿಗೆ ಇಳಿಯುತ್ತಿತ್ತು. ಒಂದು ಕಡೆ ಕಣಿವೆ, ಕಣಿವೆಯ ಆಚೆ ಹಾಲಬ್ಬಿ ಎಂಬ ಜಲಪಾತ. ಇನ್ನೊಂದು ಕಡೆ, ಹಳಿಗೆ ಜಾಗ ಮಾಡಲು ಕಡಿದ ಬಂಡೆ. ಈಗ ಬೆಟ್ಟದ ಹೊಟ್ಟೆಯಲ್ಲಿ ಉದ್ದನೆಯ ಸುರಂಗ ತಯಾರಾಗಿತ್ತು. ಮೇ ತಿಂಗಳು ಮುಗಿದ ಮೇಲೆ ರೈಲುಗಳೆಲ್ಲ ಅದರೊಳಗೆ. ಹಳೆಯ ಹಳಿ ಕಿತ್ತುಹಾಕುತ್ತಾರೆ. ಸುರಂಗದಲ್ಲಿ ಹೊತ್ತು ಉಳಿಯುತ್ತದೆ. ಕಾಣುವುದು ಏನೂ ಇಲ್ಲ.

ಕೊನೆಯ ಪಕ್ಷ ತನ್ನ ಕಂಪ್ಯೂಟರಿನಲ್ಲಾದರೂ ಹಳೆಯ ಘಾಟಿ ಉಳಿಯಬೇಕು ಎಂದು ನೇಮಿನಾಥ ನಿಶ್ಚಯಿಸಿದ. ಯಾರೂ ಅವನನ್ನು ಕೇಳಿರಲಿಲ್ಲ. ವಿಮಾ ಕಚೇರಿಯಲ್ಲಿ ಅವನ ಕೆಲಸ. ಉಳಿದ ಹೊತ್ತೆಲ್ಲ ಘಾಟಿಗೆ. ವರ್ಷಗಟ್ಟಲೆ ದುಡಿದು ಕಣಿವೆ ಕೊರೆದ, ಕಮಾನು ಸೇತುವೆ ಎಬ್ಬಿಸಿದ, ಹಾಲಬ್ಬಿಗೆ ನೀರು ಬಿಟ್ಟ. ವಾಟ್ಸ್ಆ್ಯಪ್‌ನಲ್ಲಿ 'ಘಾಟಿ ಬಳಗ' ಎಂಬ ಗುಂಪೊಂದಿತ್ತು. ಹಳೆಯ ಹಳಿಯ ಮೇಲೆ ಕೊನೆಯ ರೈಲು ಹೋದ ದಿನವೇ ತನ್ನ ಮಾರ್ಗ ಬಿಡುಗಡೆ ಎಂದು ಅಲ್ಲಿ ಸಾರಿಬಿಟ್ಟ. ಎಲ್ಲರೂ ಹೆಬ್ಬೆರಳು ಎತ್ತಿದರು. ಅದಕ್ಕೆ ಹೆಚ್ಚು ಶ್ರಮ ಬೇಕಾಗುವುದಿಲ್ಲ.

ಬೇಸಿಗೆ ರಜೆಗೆ ಅವನ ಅಕ್ಕ ಪದ್ಮಾವತಿ ಬಂದಳು. ಗದಗಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಹೊಗಳುವ ಅಭ್ಯಾಸವಿಲ್ಲ, ಅಂಕ ಕೊಡುವ ಅಭ್ಯಾಸವಿದೆ. ನೇಮಿನಾಥ ಅವಳಿಗೆ ಚಹಾ ಕೂಡ ಕೊಡದೆ ಕಂಪ್ಯೂಟರಿನ ಮುಂದೆ ಕೂರಿಸಿದ. ರೈಲು ಘಾಟಿ ಇಳಿಯತೊಡಗಿತು. ಕಣಿವೆ ತೆರೆದುಕೊಂಡಿತು. ಹಾಲಬ್ಬಿ ಬಂತು, ಶ್ರಾವಣದ ಹಾಗೆ ತುಂಬಿ ಸುರಿಯುತ್ತ.

"ಛಲೋ ಐತಿ," ಎಂದಳು ಪದ್ಮಾವತಿ. "ಈ ಕಡೆ ಹೊಳ್ಳಿ ನೋಡೋದು ಹೆಂಗ?"

"ಯಾವ ಕಡೆ?"

"ಬಂಡೆ ಕಡೆ."

ಅವನು ಗುಂಡಿ ತೋರಿಸಿದ. ಅವಳು ಒತ್ತಿದಳು. ಪರದೆ ತಿರುಗಿತು. ಅಲ್ಲಿ ಒಗೆದು ಒಣಗಹಾಕಿದ ಚಾದರದ ಹಾಗೆ ಒಂದು ಹಸಿರು ಗೋಡೆ. ಘಾಟಿಯ ಮೇಲಿನಿಂದ ಕೆಳಗಿನ ತನಕ ಅದೇ ಗೋಡೆ. ಕಲ್ಲಿಲ್ಲ, ಹುಲ್ಲಿಲ್ಲ.

"ಇದೇನೋ ನೇಮು, ಮುನಸಿಪಾಲ್ಟಿಯವರು ಬಣ್ಣಾ ಹಚ್ಚಿ ಹೋದಂಗ ಐತಿ?"

ನೇಮಿನಾಥ ಪರದೆಯನ್ನೇ ನೋಡಿದ. ಅಷ್ಟು ವರ್ಷ ಕಟ್ಟಿದವನು ಆ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ. "ಅಲ್ಲೇನಿತ್ತು ಅಕ್ಕಾ, ಮಾಡಾಕ? ಬರೇ ಕಲ್ಲು."

"ಬರೇ ಕಲ್ಲು," ಎಂದಳು ಪದ್ಮಾವತಿ. "ಹಂಗಾರ ನಾ ಇಷ್ಟು ವರ್ಷ ಬರೇ ಕಲ್ಲು ನೋಡಕೋತ ಹೋಗೇನಿ."

ಅಷ್ಟು ಹೇಳಿ ಚಹಾ ಮಾಡಲು ಎದ್ದುಹೋದಳು. ಸಿಟ್ಟೇನೂ ಇರಲಿಲ್ಲ. ಉತ್ತರಪತ್ರಿಕೆ ತಿದ್ದಿ ಕೆಳಗಿಟ್ಟವರ ಮುಖ.

ಅವರ ಅಪ್ಪ ರೈಲ್ವೆಯಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಪ್ರತಿ ದಸರಾ ರಜೆಗೆ ಪಾಸಿನ ಮೇಲೆ ಇಡೀ ಮನೆ ಕರಾವಳಿಯ ಸೋದರಮಾವನ ಊರಿಗೆ ಹೋಗುತ್ತಿತ್ತು. ಘಾಟಿ ಬಂದ ಕೂಡಲೇ ನೇಮಿನಾಥ ಕಣಿವೆ ಕಡೆಯ ಕಿಟಕಿಗೆ ಓಡುವನು. ಪದ್ಮಾವತಿ ಎದ್ದರೆ ಅವ್ವ ಹೇಳುವಳು: "ಸಣ್ಣಾಂವ ಅದಾನ, ನೋಡ್ಲಿ ಬಿಡು. ನೀ ದೊಡ್ಡಾಕಿ, ಸಾಮಾನ ಕಡೆ ಲಕ್ಷ್ಯ ಇರ್ಲಿ." ಸಾಮಾನು ಇರುತ್ತಿದ್ದದ್ದು ಬಂಡೆ ಕಡೆ. ನೇಮಿನಾಥನಿಗೆ ಮೀಸೆ ಬಂದ ಮೇಲೂ ಅವನು ಸಣ್ಣವನಾಗಿಯೇ ಉಳಿದ. ಕೆಲವು ಹುದ್ದೆಗಳಿಗೆ ನಿವೃತ್ತಿ ಇಲ್ಲ.

ಅಕ್ಕ ಊರಿಗೆ ಹೋದ ಮೇಲೆ ನೇಮಿನಾಥ ಬಂಡೆ ಹುಡುಕಲು ಕೂತ. ಇಂಟರ್ನೆಟ್ಟಿನಲ್ಲಿ ಕರೇಕಲ್ಲು ಘಾಟಿಯ ವಿಡಿಯೊಗಳು ಲೆಕ್ಕವಿಲ್ಲದಷ್ಟಿದ್ದವು. ಎಲ್ಲವೂ ಕಣಿವೆ ಕಡೆಯವು. ಮೊಬೈಲ್ ಹಿಡಿದವರೆಲ್ಲ ಅದೇ ಬಾಗಿಲಲ್ಲಿ ನೇತಾಡಿದ್ದರು. ಉಪಗ್ರಹದ ಚಿತ್ರ ನೋಡಿದ. ಮೇಲಿನಿಂದ ಮರದ ತಲೆಗಳು ಕಂಡವು, ಬಂಡೆಯ ಮುಖ ಕಾಣಲಿಲ್ಲ. 'ಬಂಡೆ ಕಡೆಯ ಫೋಟೊ ಯಾರ ಹತ್ತಿರವಾದರೂ ಇದೆಯೇ?' ಎಂದು ಬಳಗದಲ್ಲಿ ಕೇಳಿದ. ಫೋಟೊಗಳು ಸುರಿದವು. ಎಲ್ಲವೂ ಹಾಲಬ್ಬಿಯವು. ಒಬ್ಬ ಮಾತ್ರ ಬಂಡೆಯ ಫೋಟೊ ಕಳಿಸಿದ. ಅದರ ಮುಂದೆ ಅವನೇ ಅಡ್ಡ ನಿಂತಿದ್ದ.

ಕೊನೆಯ ವಾರ ಬಂತು. ನೇಮಿನಾಥ ಖುದ್ದಾಗಿ ಹೊರಟ. ರೈಲು ಹಗಲಿನಲ್ಲಿ ಇಳಿಯುತ್ತಿತ್ತು, ಮರಳಿ ಹತ್ತುವುದು ಕತ್ತಲಲ್ಲಿ. ಕಚೇರಿ ಕೊಟ್ಟ ರಜೆಯೂ ಒಂದೇ ದಿನದ್ದು. ಹಾಗಾಗಿ ಅವಕಾಶ ಒಂದೇ. ಬಂಡೆ ಕಡೆಯ ಕಿಟಕಿ ಹಿಡಿದು ಕೂತ. ಅದಕ್ಕೆ ಪೈಪೋಟಿ ಇರಲಿಲ್ಲ. ಮೊಬೈಲ್ ತೆಗೆದು ವಿಡಿಯೊ ಶುರು ಮಾಡಿದ. ಘಾಟಿ ಬಂತು. ಬಂಡೆ ಸರಿಯತೊಡಗಿತು. ಅಷ್ಟರಲ್ಲಿ ಯಾರೋ "ಅಬ್ಬಿ ಬಂತು" ಎಂದರು.

ಇಡೀ ಡಬ್ಬಿ ಎದ್ದು ಕಣಿವೆ ಕಡೆಗೆ ವಾಲಿತು. ನೇಮಿನಾಥನೂ ಎದ್ದ.

ಅವನನ್ನು ಕೇಳಿದರೆ ತಾನು ಎದ್ದದ್ದೇ ಗೊತ್ತಾಗಲಿಲ್ಲ ಅನ್ನುತ್ತಾನೆ. ನಂಬಬಹುದು. ಕಾಲುಗಳಿಗೆ ಚಿಕ್ಕಂದಿನಿಂದ ರೂಢಿ. ಮೇ ತಿಂಗಳಾದ್ದರಿಂದ ಹಾಲಬ್ಬಿಯಲ್ಲಿ ನೀರೂ ಇರಲಿಲ್ಲ. ಕಲ್ಲಿನ ಮೇಲೆ ಒಂದು ಒದ್ದೆ ಗೆರೆ ಇತ್ತು. ಅದನ್ನೇ ಎಲ್ಲರೂ ನೋಡಿದರು. ಆಮೇಲೆ ಸೇತುವೆ ಬಂತು. ಸೇತುವೆ ಮುಗಿಯುವಾಗ ಬಾಗಿಲಲ್ಲಿ ಜಾಗ ಸಿಕ್ಕಿತು. ಬಾಗಿಲಲ್ಲಿ ಸಿಕ್ಕ ಜಾಗ ಯಾರು ಬಿಡುತ್ತಾರೆ? ಘಾಟಿಯ ಬುಡ ಬಂದಾಗ ಅವನಿಗೆ ತಾನು ಯಾಕೆ ಬಂದಿದ್ದೆ ಎಂದು ನೆನಪಾಯಿತು. ಮೊಬೈಲಿನಲ್ಲಿ ಸ್ವಲ್ಪ ಬಂಡೆ, ಡಬ್ಬಿಯ ಫ್ಯಾನು, ಯಾರದೋ ಭುಜ, ಮತ್ತೆ ಕೊನೆಯ ತನಕ ಕಣಿವೆ.

ಆ ವಾರ ಮುಗಿಯಿತು. ಹಳೆಯ ಹಳಿ ಮುಚ್ಚಿತು.

ಬಿಡುಗಡೆ ಯಾವಾಗ ಎಂದು ಬಳಗ ಕೇಳತೊಡಗಿತು. ನೇಮಿನಾಥ ತನ್ನ ಕಷ್ಟ ಹೇಳಿಕೊಂಡ. ಬಳಗದ ಪ್ರಸನ್ನ ಎಂಬ ಗೆಳೆಯ ಅಲ್ಲೇ ಪರಿಹಾರ ಕೊಟ್ಟ: "ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀರಾ ಸರ್? ಸ್ವಿಟ್ಜರ್‌ಲ್ಯಾಂಡ್ ಬಂಡೆ ರೆಡಿಮೇಡ್ ಸಿಗುತ್ತೆ, ಫ್ರೀ. ಹಚ್ಚಿಬಿಡಿ. ಆ ಕಡೆ ಯಾರು ನೋಡ್ತಾರೆ?"

ನೇಮಿನಾಥ ಹಚ್ಚಿ ನೋಡಿದ. ಚೆನ್ನಾಗಿಯೇ ಇತ್ತು. ಬಂಡೆಯ ತಲೆಯ ಮೇಲೆ ಪೈನ್ ಮರಗಳೂ ಉಚಿತವಾಗಿ ಬಂದಿದ್ದವು. ಅವನ್ನು ಕಿತ್ತುಹಾಕಿದರೆ ಕೆಲಸ ಮುಗಿದಂತೆ. ಒಂದು ಗುಂಡಿ ಒತ್ತಿದರೆ ಬಿಡುಗಡೆ. ಆ ಕಡೆ ಯಾರು ನೋಡುತ್ತಾರೆ?

ಯಾರು ನೋಡುತ್ತಾರೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಘಾಟಿ ಉಳಿಸುತ್ತೇನೆ ಎಂದು ಹೊರಟವನು ಅರ್ಧ ಘಾಟಿ ಉಳಿಸಿ, ಉಳಿದರ್ಧಕ್ಕೆ ಬೇರೆ ದೇಶದ ಕಲ್ಲು ಮೆತ್ತುತ್ತಿದ್ದ. ನೇಮಿನಾಥ ಪೈನ್ ಮರಗಳ ಜೊತೆಗೆ ಬಂಡೆಯನ್ನೂ ಅಳಿಸಿದ. ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಬಂಡೆ ಕಡೆ ಏನೇನಿತ್ತು, ನಿನಗ ನೆನಪೈತೇನು?"

"ಬರೇ ಕಲ್ಲು," ಎಂದಳು ಪದ್ಮಾವತಿ.

"ಹಂಗ ಅನ್ನಬ್ಯಾಡ ಅಕ್ಕಾ. ನೀ ಹೇಳದಿದ್ರ ಇನ್ನ ಯಾರೂ ಹೇಳವರಿಲ್ಲ."

"ಐತವಾರ ಬಾ," ಎಂದಳು. "ಬರುವಾಗ ತಿನ್ನಾಕ ಹುಬ್ಬಳ್ಳಿ ಖಾರಾ ತಗೊಂಡು ಬಾ."

ಐತವಾರ ಅವನು ಲ್ಯಾಪ್‌ಟಾಪ್ ಹೊತ್ತು ಗದಗಿಗೆ ಹೋದ. ಮೇಜಿನ ಮುಂದೆ ಒಂದು ಕುರ್ಚಿ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು. ಅವನು ಕುರ್ಚಿಯತ್ತ ನಡೆದ. ಆ ಕಾಲುಗಳ ರೂಢಿಯನ್ನು ಆಗಲೇ ಹೇಳಿದ್ದಾಗಿದೆ.

"ಅದು ನಂದು," ಎಂದಳು ಪದ್ಮಾವತಿ. "ನೀ ಸ್ಟೂಲಿನ ಮ್ಯಾಲೆ ಕೂಡು."

"ನಾ ಮೌಸ್ ಹಿಡಿಬೇಕಲ್ಲ."

"ಕೈ ಉದ್ದ ಮಾಡು."

ಅವನು ಸ್ಟೂಲಿನ ಮೇಲೆ ಕೂತು ಕೈ ಉದ್ದ ಮಾಡಿದ. ಅವಳು ಹೇಳತೊಡಗಿದಳು. ಇಳಿಯುವ ರೈಲು ಘಾಟಿಯ ನಡುವೆ ಬ್ರೇಕಿನ ಬಿಸಿ ಆರಲೆಂದು ನಿಲ್ಲುತ್ತಿತ್ತು. ಆಗ ಕಣಿವೆ ಕಡೆಯವರೆಲ್ಲ ಬಾಗಿಲಲ್ಲಿ ಕಿಕ್ಕಿರಿಯುತ್ತಿದ್ದರು. ಬಂಡೆ ಕಡೆ ಅವಳೊಬ್ಬಳೇ. ಕೈ ಚಾಚಿದರೆ ಬಂಡೆ ಸಿಗುತ್ತಿತ್ತು. ತಣ್ಣಗಿರುತ್ತಿತ್ತು. ಅದರ ಒಂದು ಸೀಳಿನಿಂದ ಜಡೆಯಷ್ಟು ದಪ್ಪ ನೀರು ಇಳಿಯುತ್ತಿತ್ತು. ಸೀಳಿನ ಬಾಯಲ್ಲಿ ಒಂದು ಕಪ್ಪೆ.

"ಪ್ರತಿ ವರ್ಷ ಅದೇ ಕಪ್ಪೆ ಇರತಿತ್ತೇನು?" ಎಂದ ನೇಮಿನಾಥ.

"ಅದೇನೋ, ಅದರ ಮಗಾನೋ. ನಾ ಕೇಳಲಿಲ್ಲ. ನೀ ಕಪ್ಪೆ ಇಡು."

ಅವನು ಕಪ್ಪೆ ಇಟ್ಟ. ಅದರ ಕೆಳಗೆ ಹಳಿ ಕೆಲಸದವರು ಒಂದು ಉಬ್ಬಿಗೆ ಕುಂಕುಮ ಬಳಿದು ದೇವರು ಮಾಡಿದ್ದರು. ಎಂಜಿನ್ ಹೊರಡುವ ಮುಂಚೆ ಯಾರೋ ಅದಕ್ಕೆ ದಾಸವಾಳ ಇಟ್ಟು ಹೋಗುತ್ತಿದ್ದರು. ಆಚೆ ತಿರುವಿನಲ್ಲಿ, ರೈಲು ಬಂದಾಗ ಕೆಲಸದವರು ಸರಿದು ನಿಲ್ಲಲು ಬಂಡೆಯಲ್ಲೇ ಕೊರೆದ ಒಂದು ಗೂಡು. ಅದರಲ್ಲಿ ಒಮ್ಮೊಮ್ಮೆ ಬುತ್ತಿಗಂಟು ನೇತಾಡುತ್ತಿತ್ತು. ಹಳೆಯ ಹಳಿಗೂ ಒಂದು ಗಿಡ್ಡ ಸುರಂಗವಿತ್ತು, ಅದರ ಬಾಯಿಗೆ ಜರಿಗಿಡದ ತೋರಣ.

"ಜರಿಗಿಡ ಎರಡೂ ಕಡೆ ಇತ್ತೇನು?"

"ನನ್ನ ಕಡೆ ಇತ್ತು. ನಿನ್ನ ಕಡೆದು ನೀ ನೋಡಿರಬೇಕಲ್ಲ."

ಅವನು ನೋಡಿರಲಿಲ್ಲ. ಸುರಂಗ ಬಂದಾಗ ಅವನು ಅಬ್ಬಿ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದ.

ಮಧ್ಯಾಹ್ನ ಊಟ ಮಾಡಿದರು. ಮತ್ತೆ ಕೂತರು. ಸ್ಟೂಲಿಗೆ ಬೆನ್ನಾಸರೆ ಇರಲಿಲ್ಲ. ನೇಮಿನಾಥನ ಸೊಂಟ ನೋಯುತ್ತಿತ್ತು. ಆದರೂ ಅವನು ಏಳಲಿಲ್ಲ. ಹಸಿರು ಗೋಡೆ ಸ್ವಲ್ಪ ಸ್ವಲ್ಪವೇ ಬಂಡೆಯಾಗುತ್ತಿತ್ತು. ಕೊನೆಯ ತಿರುವಿಗೆ ಬಂದಾಗ ಅವನು ಕೇಳಿದ: "ಅಕ್ಕಾ, ಅಬ್ಬಿ ನೋಡಾಕ ಸಿಗಲಿಲ್ಲ ಅಂತ ನಿನಗ ಬ್ಯಾಸರ ಆಗತಿರಲಿಲ್ಲೇನು?"

"ಯಾರ ಹೇಳಿದ್ರು ಸಿಗಲಿಲ್ಲ ಅಂತ?" ಪದ್ಮಾವತಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ರೈಲು ಹೊಂಟ ಮ್ಯಾಲೆ ಹೊಗಿ ಬರತೈತಿ ಅಂತ ಅಪ್ಪಾ ಈ ಕಡೆ ಗಾಜು ಇಳಸತಿದ್ದ. ಗಾಜಿನ ಹಿಂದ ಕಪ್ಪು ಬಂಡೆ. ಕನ್ನಡಿ ಆದಂಗ ಆಗತಿತ್ತು. ನಿನ್ನ ಕಿಟಕಿ, ಕಿಟಕಿಯಾಗಿನ ಅಬ್ಬಿ, ಎಲ್ಲಾ ಅದರಾಗ ಕಾಣತಿತ್ತು." ಮತ್ತೆ ಸೇರಿಸಿದಳು, "ಅಬ್ಬಿ ನಟ್ಟನಡುವ ನಿನ್ನ ತಲಿ ಇರತಿತ್ತು. ಅದೊಂದು ತ್ರಾಸು."

ನೇಮಿನಾಥ ಮೌಸ್ ಬಿಟ್ಟು ಅಕ್ಕನ ಕಡೆ ತಿರುಗಿದ. ಅವನು ಇಡೀ ಬಾಲ್ಯ ಕಿಟಕಿ ಗೆದ್ದಿದ್ದೇನೆ ಎಂದುಕೊಂಡಿದ್ದ. ಅಕ್ಕ ಬಂಡೆಯನ್ನೂ ನೋಡಿದ್ದಳು, ಅಬ್ಬಿಯನ್ನೂ ನೋಡಿದ್ದಳು, ಮೇಲೆ ಅವನನ್ನೂ ನೋಡಿದ್ದಳು.

"ಆ ಗಾಜೂ ಮಾಡ್ಲೇನು?" ಎಂದ.

"ಬ್ಯಾಡ ಬಿಡು. ನಿನ್ನ ತಲಿ ಊರಿಗೆಲ್ಲಾ ಯಾಕ ತೋರಸ್ತಿ?"

ಇಬ್ಬರೂ ನಕ್ಕರು. ಖಾರದ ಪೊಟ್ಟಣ ಖಾಲಿಯಾಯಿತು.

ಹೇಳಿದ ದಿನಕ್ಕಿಂತ ಬಹಳ ತಡವಾಗಿ ಮಾರ್ಗ ಬಿಡುಗಡೆಯಾಯಿತು. ಬಳಗ ಮತ್ತೆ ಹೆಬ್ಬೆರಳು ಎತ್ತಿತು. ಹಾಲಬ್ಬಿ ಅದ್ಭುತ ಎಂದರು. ಹಾಲಬ್ಬಿಯ ನೀರು ಇನ್ನಷ್ಟು ಬಿಳಿ ಇರಬೇಕಿತ್ತು ಎಂದರು. ಬಂಡೆಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಪ್ರಸನ್ನ ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಒಂದು ದಿನ, ದಾವಣಗೆರೆಯ ಯಾರೋ ಅಪರಿಚಿತ ಹೆಂಗಸು ಬರೆದಳು: 'ಬಂಡೆ ಕಡೆ ತಿರುಗಿಸಿ ನೋಡಿದೆ. ದೇವರು, ಗೂಡು, ಕಪ್ಪೆ, ಎಲ್ಲಾ ಇದೆ. ನಾನು ಮನೆಗೆ ದೊಡ್ಡ ಮಗಳು.'

ನೇಮಿನಾಥ ಅದನ್ನು ಎರಡು ಸಲ ಓದಿ ಅಕ್ಕನಿಗೆ ಕಳಿಸಿದ. ಪದ್ಮಾವತಿಯ ಉತ್ತರ ಸಂಜೆ ಬಂತು: 'ಕಪ್ಪೆ ಇನ್ನೂ ಸ್ವಲ್ಪ ಎಡಕ್ಕೆ ಇರಬೇಕು.'

ನೇಮಿನಾಥ ಕಪ್ಪೆಯನ್ನು ಎಡಕ್ಕೆ ಸರಿಸಿದ.

ನೀತಿ: ಕಿಟಕಿ ಸಿಕ್ಕವನು ದಾರಿಯ ಅರ್ಧವನ್ನಷ್ಟೇ ನೋಡಿರುತ್ತಾನೆ. ಉಳಿದರ್ಧ, ಅವನಿಗಾಗಿ ಸಾಮಾನು ಕಾದವರ ಬಳಿ ಇರುತ್ತದೆ. ಬೇಕೆಂದರೆ ಹೋಗಿ ಕೇಳಬೇಕು. ಅವರು ಹೇಳಿ ಮುಗಿಸುವ ತನಕ ಸ್ಟೂಲಿನ ಮೇಲೆ ಕೂರಬೇಕು.