ಗೌಡ್ರ ಕಾರಿನ ಕಾಯೋ ತಗಡು

ಶಾಣ್ಯಾರ ಕತಿ ಹೇಳತೀನಿ ಅಂದ್ರ ಯಾರೂ ಕುಂದರಂಗಿಲ್ಲ. ಪೆದ್ದನ ಕತಿ ಅಂದ್ರ ಎಲ್ಲಾರೂ ಹತ್ತರ ಸರದು ಕುಂದರತೀರಿ. ಯಾಕಂದ್ರ ಎಲ್ಲಿ ನಮ್ಮ ಹೆಸರು ಬರತೈತೋ ಅಂತ ಅಂಜಿಕಿ! ಅಂಜಬ್ಯಾಡ್ರಿ. ಇದು ನಮ್ಮ ಓಣಿ ಕತಿ. ನಮ್ಮ ಓಣ್ಯಾಗ ಪೆದ್ದರಿಗೆ ಯಾವ ಕಾಲಕ್ಕೂ ಬರ ಬಂದಿಲ್ಲ. ಹೇಳಾಕ ಕುಂತ ನನ್ನ ಮಾರಿ ನೋಡಿದ್ರ ಗೊತ್ತಾಗತೈತಿ.

ಗಂಗಾವತ್ಯಾಗ ತಗಡಿನ ಕಾಳವ್ವ ಅಂತ ಒಬ್ಬಾಕಿ ಇದ್ಳು. ಗಂಡ ಸತ್ತ ಮ್ಯಾಲೆ ಆತನ ಕತ್ತರಿ, ಆತನ ಸುತ್ತಿಗಿ ತಾನ ಹಿಡದ್ಳು. ಬಕೀಟು ಮಾಡಿದ್ಳು, ಲಾಳಿಕಿ ಮಾಡಿದ್ಳು, ಕಾಳಿನ ಡಬ್ಬಿ ಮಾಡಿದ್ಳು. ಆಮ್ಯಾಲ ಪ್ಲಾಸ್ಟಿಕ್ ಬಂತು. ಕಾಳವ್ವ ಮಾಡಿದ ಬಕೀಟಿನಾಗ ಕಾಳವ್ವ ಒಬ್ಬಾಕಿನ ನೀರು ತರೋ ಹಂಗಾತು.

ಆಕಿಗೊಬ್ಬ ಮಗ. ಮೌನೇಶ. ಓಣಿ ಮಂದಿ ಬಾಯಾಗ ಮೋನ್ಯಾ. ಆಳೆತ್ತರ, ಎತ್ತಿನಂಥಾ ರಟ್ಟಿ. ತಲಿ? ತಲಿ ದೇವರು ಕೊಟ್ಟಾಗ ಹೆಂಗಿತ್ತೋ ಹಂಗ ಇಟ್ಟಿದ್ದ, ಬಳಸಿ ಸವಸಿರಲಿಲ್ಲ. ಹೇಳಿದ ಮಾತು ಮಾತ್ರ ಮೀರತಿರಲಿಲ್ಲ. "ಬಾಗಲಾ ನೋಡಕೋ" ಅಂದ್ರ ಬಾಗಲಾ ಒಂದ ನೋಡಕೋತ ನಿಂದರತಿದ್ದ. ಪಕ್ಕದ ಕಿಟಕ್ಯಾಗಿಂದ ಬೆಕ್ಕು ಹಾಲು ಕುಡದು ಬಾಯಿ ಒರಸಕೊಂಡು ಹೋಗತಿತ್ತು.

"ಹಡದಾಕಿ ನಾನ. ಯಾರ ಮ್ಯಾಲೆ ಹಾಕಲಿ?" ಅಂತ ಕಾಳವ್ವ ತನ್ನ ಹಣಿ ತಾನ ಬಡಕೋತಿದ್ಳು. "ನನ್ನ ಕಣ್ಣು ಮುಚ್ಚಿದ ಮ್ಯಾಲೆ ಇವನ್ನ ಯಾರು ಇಟ್ಟಕೊಳ್ಳತಾರ?" ಅದೊಂದು ಚಿಂತಿ ಆಕಿ ಎದಿಯಾಗ ಮೊಳಿ ಹೊಡದಂಗ ಕುಂತಿತ್ತು.

ಅದ ಊರಾಗ ಅಕ್ಕಿಗಿರಣಿ ಪಂಪನಗೌಡ್ರು ಒಂದು ಪಂದ್ಯದ ಕಾರು ತಂದ್ರು. ಎರಡ ಸೀಟು, ನೆಲಕ್ಕ ಹೊಟ್ಟಿ ಹಚ್ಚಿ ಓಡೋವಂಥಾದ್ದು. ಓಡತಿತ್ತು ಚಲೋ, ಆದ್ರ ಗೌಡ್ರಿಗೆ ಸಪ್ಪಳ ಸಾಲಲಿಲ್ಲ. ಎಂಜಿನ್ನಿನಿಂದ ಹೊಗಿ ಹೊರಗ ಹಾಕೋ ನಳಿಗಿ ಇರತಾವಲ್ಲ, ಅವನ್ನ ಕಿತ್ತಿ ಬ್ಯಾರೆ ದಪ್ಪನ ನಳಿಗಿ ತರಿಸಿ ಹಾಕಿಸಿದ್ರು. ಕಾರಿನ ಜೋಡಿ ಬಂದಿದ್ದ ಬಿಸಿ ತಡಿಯೋ ತಗಡು ಹೊಸ ನಳಿಗಿಗೆ ಕೂಡಲಿಲ್ಲ. "ಇದ್ಯಾಕ ಬೇಕು, ಸುಮ್ಮನ ಭಾರ" ಅಂತ ಒಗದ್ರು. ಶಾಣ್ಯಾರು ನೋಡ್ರಿ! ನಾಕು ಗಾವುದ ಓಡಸೂದರಾಗ ನಳಿಗಿ ಕೆಂಡ ಆದ್ವು, ವೈರು ಕರಗಿದ್ವು, ಗೌಡ್ರ ಬೂಟಿನ ಅಟ್ಟಿ ಬೆಲ್ಲದ ಪಾಕ ಆತು.

ಗ್ಯಾರೇಜಿನ ಹುಸೇನಪೀರ ಉಸ್ತಾದ ಕಾಳವ್ವನ ಮನಿಗೆ ಬಂದ.

"ಅಕ್ಕಾ, ಗೌಡ್ರ ಕಾರಿನ ನಳಿಗಿಗೆ ಒಂದು ತಗಡು ಬೇಕು. ಎಲ್ಲೂ ಸಿಗಂಗಿಲ್ಲ. ಅಳತಿ ತಗೊಂಡು ಬಗ್ಗಿಸಿ ಮಾಡಬೇಕು. ರವಿವಾರ ಪಂದ್ಯ ಐತಿ."

"ಮಾಡತೀನಣ್ಣಾ. ಆದ್ರ ನನ್ನ ಮೋನ್ಯಾಗ ನಿನ್ನ ಗ್ಯಾರೇಜಿನಾಗ ಒಂದು ಕೆಲಸ ಕೊಡಬೇಕು."

ಉಸ್ತಾದ ಮೋನ್ಯಾನ ನೋಡಿದ. ಮೋನ್ಯಾ ಬಾಗಲಾ ನೋಡಾಕತ್ತಿದ್ದ.

"ಈ ತಗಡು ಅವನ ಕೈಲೆ ಕೂಡಲಿ ಅಕ್ಕಾ, ಆಮ್ಯಾಲ ಮಾತಾಡೋಣು."

ಕಾಳವ್ವಗ ಕುಣಿಯೋವಷ್ಟು ಖುಷಿ. ಮಗನ್ನ ಕರದ್ಳು. "ಮೋನ್ಯಾ, ಗ್ಯಾರೇಜಿಗೆ ಹೋಗಿ ನಳಿಗಿ ಎಷ್ಟುದ್ದ ಅದಾವ, ಅಳತಿ ಹಿಡಕೊಂಡು ಬಾ!"

"ಹೂನವ್ವಾ!"

ಹ್ವಾದ. ನಳಿಗಿಯ ಈ ತುದಿಗೊಂದು ಕೈ, ಆ ತುದಿಗೊಂದು ಕೈ ಇಟ್ಟ. ಎರಡೂ ಕೈ ಅಷ್ಟ ಅಗಲ ಹಿಡಕೊಂಡು, ಅಲುಗದಂಗ ಹೊಂಟ. ಸಂತಿ ದಾರಿ. ಎದುರಿಗೆ ಬಂದವರು "ಏನಲೇ ಮೋನ್ಯಾ, ಯಾರನ್ನ ಅಪ್ಪಿಕೊಳ್ಳಾಕ ಹೊಂಟಿ?" ಅಂದ್ರು. ಬಳಿಗಾರ್ತಿ ಒಬ್ಬಾಕಿ ಬುಟ್ಟಿ ಇಳಸೋತನಕ ಹಿಡಕೋಪಾ ಅಂತ ಕೈಗೊಂದು ಬಳಿ ಸರ ಹಾಕಿದ್ಳು. ಆಕಿ ಸರ ತಿರಗಿ ತಗದುಕೊಂಡ ಮ್ಯಾಲೆ ಮತ್ತ ಹೊಂಟ. ಮನಿ ಬಾಗಲದಾಗ ಏಡಿಯಂಗ ಅಡ್ಡಡ್ಡ ಸರದು ಒಳಗ ಬಂದ.

"ಯವ್ವಾ, ಹಿಡಕೊಂಡು ಬಂದೆ! ಇಷ್ಟು!"

ಅಷ್ಟೊತ್ತಿಗೆ ಮೂಗಿನ ಮ್ಯಾಲೆ ನೊಣ ಕುಂತಿತು. ಪಟ್ ಅಂತ ಹೊಡದ. ನೊಣ ಹಾರಿತು, ಅಳತಿನೂ ಹಾರಿತು.

"ಖೋಡೀ! ಅಳತೀನ ಕೈಯಾಗ ಹಿಡಕೊಂಡು ಬರತಾರೇನೋ? ರಟ್ಟಿನ ಮ್ಯಾಲೆ ಇಟ್ಟು, ಸುತ್ತಲೂ ಗೆರಿ ಎಳದು, ಕತ್ತರಿಸಿ ತರಬೇಕಲೇ!"

"ಮೊದಲ ಹೇಳಬೇಕಿಲ್ಲೇನವ್ವಾ!"

"ಹೌದಪ್ಪಾ, ನಂದ ತಪ್ಪು" ಅಂದ್ಳು ಕಾಳವ್ವ. ತಾನ ರಟ್ಟು ಬಗಲಾಗ ಇಟ್ಟಕೊಂಡು ಹೋಗಿ ನಳಿಗಿ ನಮೂನಿ ತಗೊಂಡು ಬಂದ್ಳು. ಒಂದು ಉಳೀತು. ಬಿಸಿ ಕಾಲಿಗೆ ಎಲ್ಲಿ ಬಡೀತೈತಿ ಅಂತ ಗೌಡ್ರನ್ನ ಕೇಳಬೇಕಿತ್ತು.

"ಮೋನ್ಯಾ, ಗೌಡ್ರ ಹತ್ತರ ಹೋಗು. ಎಲ್ಲೆಲ್ಲಿ ಬಿಸಿ ಬಡೀತೈತಿ, ತಿಳಕೊಂಡು ಬಾ."

"ಹೂನವ್ವಾ!"

ಹ್ವಾದ. ಈ ಸಲ ಅವ್ವನ ಮಾತು ಗಂಟು ಕಟ್ಟಿಕೊಂಡು ಹ್ವಾದ. ಗಿರಣಿ ಮುಂದ ದೊಡ್ಡದೊಂದು ರಟ್ಟಿನ ಡಬ್ಬಿ ಹರವಿದ.

"ಗೌಡ್ರ, ಇದರ ಮ್ಯಾಲೆ ಮಲಕೋರಿ."

"ಯಾಕಲೇ?"

"ಅಳತೀರಿ! ಅವ್ವ ಹೇಳ್ಯಾಳ!"

ಕಾರಿನ ಹುಚ್ಚು ಹಿಡದ ಮನಷ್ಯಾ ಏನು ಮಾಡೋದಿಲ್ಲ ಹೇಳ್ರಿ? ಪಂದ್ಯದ ಕಾರಿಗೆ ಹಿಂಗೂ ಅಳತಿ ಇರತೈತೇನೋ ಅಂತ ಗೌಡ್ರು ಬಿಳಿ ಧೋತರ ಉಟಗೊಂಡ ಮಲಗಿದ್ರು. ಮೋನ್ಯಾ ತಲಿಯಿಂದ ಕಾಲಿನತನಕ ಸುತ್ತಲೂ ಗೆರಿ ಎಳದ. ಬಗಲಾಗ ಎಳಿಯೋವಾಗ ಗೌಡ್ರಿಗೆ ಕಚಗುಳಿ ಆಗಿ ಕಿಸಕ್ ಅಂದ್ರು. ಆಮ್ಯಾಲ ಮೋನ್ಯಾ ಕತ್ತರಿ ತಗದ. ಕರ್ ಕರ್ ಕರ್! ರಟ್ಟೂ ಕತ್ತರಿಸಿತು, ಧೋತರದ ಚುಂಗೂ ಕತ್ತರಿಸಿತು. ಹಮಾಲರೆಲ್ಲ ಚೀಲ ಇಳಿಸಿ ನಕ್ಕರು.

ಗೌಡ್ರು ಕೆಂಪಗ ಆಗಿ ಕಾಳವ್ವನ ಮನಿತನಕ ಬಂದು ಕೂಗ್ಯಾಡಿ ಹ್ವಾದ್ರು. ಗೌಡ್ರಂಥಾ ರಟ್ಟು ಗ್ವಾಡಿಗೆ ಆನಿಸಿಕೊಂಡು ನಿಂತಿತ್ತು.

"ಹುಚ್ಚಪ್ಯಾಲೀ! ಬಿಸಿ ಆದವರ ಮೈಮ್ಯಾಲೆ ಹೋಗತಾರೇನೋ? ಬಿಸಿ ಇತ್ತಂದ್ರ ಮುಟ್ಟಬಾರದು. ನಡುವ ಬೆರಳಗಲ ಜಾಗ ಬಿಡಬೇಕು. ನಾ ತಗಡು ಹೊಂದಸೂದೂ ಹಂಗ!"

"ಬೆರಳಗಲ ಜಾಗ. ಆತವ್ವಾ!"

ಗೌಡ್ರ ಸಿಟ್ಟು ಇಳಸಬೇಕಲ್ಲ? ಕಾಳವ್ವ ಯಾಲಕ್ಕಿ ಹಾಕಿ ಚಹಾ ಕಾಸಿದ್ಳು. ಕೆಟಲಿ ಮೋನ್ಯಾನ ಕೈಗೆ ಕೊಟ್ಟು ಗ್ಯಾರೇಜಿಗೆ ಕಳಿಸಿದ್ಳು. ಅಲ್ಲಿ ಗೌಡ್ರು, ಉಸ್ತಾದ ಇಬ್ಬರೂ ಎಂಜಿನ್ನಿನ ಮ್ಯಾಲೆ ಬಗ್ಗಿ ನಿಂತಿದ್ರು.

"ಚಹಾ ತಂದೇನ್ರಿ!"

"ತಾರಪಾ" ಅಂತ ಗೌಡ್ರು ಗಿಲಾಸು ಹಿಡದ್ರು.

ಮೋನ್ಯಾ ಕೆಟಲಿ ಮುಟ್ಟಿ ನೋಡಿದ. ಬಿಸಿ! ಬೆರಳು ಇಟ್ಟು ಅಳದ. ಗಿಲಾಸಿಗೂ ಚಹಾಕ್ಕೂ ನಡುವ ಸರಿಯಾಗಿ ಬೆರಳಗಲ ಜಾಗ ಬಿಟ್ಟು, ಧಾರಿ ಹಿಡದು ಸುರವಿದ. ಗೌಡ್ರ ಬೂಟಿನ ಮ್ಯಾಲೆ ಒಂದು ಗಿಲಾಸು. ಉಸ್ತಾದನ ಪೈಜಾಮದ ಮ್ಯಾಲೆ ಒಂದು ಗಿಲಾಸು.

"ಅಯ್ಯಯ್ಯೋ! ಸುಟ್ಟೆಲೋ!"

"ಗಿಲಾಸಿಗೆ ತಾಗಿಲ್ಲರಿ! ಒಂದು ಹನಿನೂ ತಾಗಿಲ್ಲ!"

ಮನಿಗೆ ಬಂದು ಹೇಳಿದ. ಕಾಳವ್ವ ತಗಡು ಬಗ್ಗಿಸಾಕತ್ತಿದ್ದಾಕಿ ಸುತ್ತಿಗಿ ಕೆಳಗ ಇಟ್ಳು. ಕೈಯಾಗ ಇದ್ರ ಏನು ಮಾಡತಿದ್ಳೋ!

"ಬಿಸಿ ಇದ್ದದ್ದು ಚೆಲ್ಲಬಾರದಲೇ! ಸುತ್ತಲೂ ಪಟ್ಟಿ ಸುತ್ತಿ, ತಂತಿ ಬಿಗದು, ಒಳಗ ಇಡಬೇಕು. ಉಸ್ತಾದ ಕಾಕಾ ನಳಿಗಿಗೆ ಗಾಜಿನ ನೂಲಿನ ಪಟ್ಟಿ ಸುತ್ತತಾನ, ನೋಡಿಲ್ಲೇನು?"

"ಸುತ್ತಬೇಕು, ಬಿಗೀಬೇಕು. ಆತವ್ವಾ!"

ಮರುದಿನ ಉಸ್ತಾದಗ ಜ್ವರ ಬಂತು. ಚಹಾ ಬಿದ್ದದ್ದಕ್ಕ ಬಂತೋ, ರವಿವಾರದ ಚಿಂತಿಗೆ ಬಂತೋ. ಗ್ಯಾರೇಜಿನ ಬೆಂಚಿನ ಮ್ಯಾಲೆ ಕಣ್ಣು ಮುಚ್ಚಿ ಮಲಗಿದ್ದ. ಕಾಳವ್ವ ಮೋನ್ಯಾನ ಕೈಲೆ ಗಂಜಿ ಕಳಿಸಿದ್ಳು. ಮೋನ್ಯಾ ಹಣಿ ಮುಟ್ಟಿದ. ಹಂಚು ಕಾದಂಗ ಕಾದಿತ್ತು.

"ಕಾಕಾ, ಅಂಜಬ್ಯಾಡ. ನನಗ ಗೊತ್ತೈತಿ!"

ಗಾಜಿನ ನೂಲಿನ ಪಟ್ಟಿ ಸುರುಳಿ ತಗದ. ಕಾಲಿನಿಂದ ಹಿಡದು ಕುತ್ತಿಗಿತನಕ ಸುತ್ತಿದ, ಸುತ್ತಿದ, ಸುತ್ತಿದ. ಮ್ಯಾಲೆ ತಂತಿ ಬಿಗದ. ಉಸ್ತಾದ ಎಚ್ಚರಾಗಿ ನೋಡತಾನ, ಮಿಸುಕಾಡಾಕ ಬರವಲ್ಲದು! "ಯಾ ಅಲ್ಲಾ, ನಾ ಸತ್ತೆನೇನು? ಕಫನ್ ತೊಡಿಸ್ಯಾರೇನು?" ಅಂತ ಚೀರಿದ. ಕಾಳವ್ವ ಓಡಿ ಬಂದು ಬಿಚ್ಚಿದ್ಳು. ಬೆವತು ಬೆವತು ಜ್ವರ ಬಿಟ್ಟಿತ್ತು. ಆದ್ರ ಗಾಜಿನ ನೂಲು! ಜ್ವರ ಬಿಟ್ಟಿತು, ತುರಿಕಿ ಹಿಡೀತು. ಉಸ್ತಾದ ಒಂದು ಕೈಲೆ ಬೋಲ್ಟು ಬಿಗಿಯೋ ಪಾನಾ ಹಿಡದ್ರ ಇನ್ನೊಂದು ಕೈಲೆ ಬೆನ್ನು ಕೆರಕೋಬೇಕು.

"ಅಕ್ಕಾ, ಸಾಕು. ಇವನ್ನ ಗ್ಯಾರೇಜಿನಾಗ ಇಟ್ಟಕೊಂಡ್ರ ನನ್ನ ಮೈಮ್ಯಾಲೆ ತೊಗಲು ಉಳಿಯಂಗಿಲ್ಲ" ಅಂದ.

ಕಾಳವ್ವ ಮಗನ್ನ ಕರಕೊಂಡು ಹೊಂಟ್ಳು. ಮನಿಗೆ ಬರೋ ದಾರ್ಯಾಗ ಮಗನ್ನ ಬೈಯಲಿಲ್ಲ. ಅವನ ಬೆನ್ನ ಮ್ಯಾಲೆ ಕೈ ಇಟ್ಟಕೊಂಡ ನಡದ್ಳು. ಬೈಗುಳಕ್ಕ ಅಂಜದ ಮೋನ್ಯಾ ಈಗ ಅಂಜಿದ.

"ಯವ್ವಾ, ಬೈ ಯವ್ವಾ. ಬೈದು ಹೇಳು. ಇನ್ನೊಮ್ಮೆ ಸರಿಯಾಗಿ ಮಾಡತೀನಿ."

ಕಾಳವ್ವ ಕಣ್ಣು ಒರಸಕೊಂಡ್ಳು. "ಇದು ಕಡೀ ಮಾತು ಮೋನ್ಯಾ. ಉಳದದ್ದೆಲ್ಲ ಮರತಬಿಡು. ಮೊದಲ ಮುಟ್ಟಿ ನೋಡು, ಯಾವುದು ಕಾಯಾಕತ್ತೈತಿ ಅಂತ. ಯಾವುದು ಕಾಯತೈತೋ ಅದರ ಮುಂದ ತಗಡು ನಿಲ್ಲಸು. ಬೆರಳಗಲ ಗಾಳಿ ಬಿಡು. ನಾಕೂ ಬೋಲ್ಟು ಗಟ್ಟಿ ಬಿಗಿ. ಅಲುಗಬಾರದು. ಇಷ್ಟ!"

"ಮುಟ್ಟಿ ನೋಡು. ಕಾಯೋದರ ಮುಂದ ತಗಡು. ಬೆರಳಗಲ ಗಾಳಿ. ನಾಕು ಬೋಲ್ಟು."

ಒಂದಕ್ಷರ ತಪ್ಪಲಿಲ್ಲ! ಕಾಳವ್ವ ದೃಷ್ಟಿ ತಗದ್ಳು.

ರವಿವಾರ ಬಂತು. ಊರ ಹೊರಗಿನ ಬಯಲಾಗ ಕಾರು ಸಾಲಾಗಿ ನಿಂತಿದ್ವು. ಕಾಳವ್ವ ಮಾಡಿದ ತಗಡು ಬಿಸಲಿಗೆ ಬೆಳ್ಳಿ ತಾಟಿನಂಗ ಹೊಳ್ಯಾಕತ್ತಿತ್ತು. ಆಕಿ ಗಂಡ ಬದುಕಿದ್ರ ನೋಡಿ ಮೂಗಿನ ಮ್ಯಾಲೆ ಬೆರಳು ಇಡತಿದ್ದ. ಉಸ್ತಾದ ಕಾಳವ್ವನ ಮಾರಿ ನೋಡಿ ಕಡೀದೊಂದು ಅವಕಾಶ ಕೊಟ್ಟ. "ನೋಡು ಮೋನ್ಯಾ, ನಾ ಪೆಟ್ರೋಲ್ ತರತೀನಿ, ನಿಮ್ಮವ್ವ ನೀರು ತರತಾಳ. ಅಷ್ಟೊತ್ತಿಗೆ ತಗಡು ಕೂಡಿರಬೇಕು."

ಇಬ್ಬರೂ ಹ್ವಾದ್ರು. ಮೋನ್ಯಾ ಪಾನಾ ಹಿಡದು ಕಾರಿನ ಮುಂದ ಕುಂತ. ಮೊದಲ ಮುಟ್ಟಿ ನೋಡಬೇಕಲ್ಲ? ನಳಿಗಿ ಮುಟ್ಟಿದ. ತಣ್ಣಗ! ಎಂಜಿನ್ನು ಇನ್ನೂ ಚಾಲೂನ ಆಗಿರಲಿಲ್ಲ. "ಇದು ಕಾಯವಲ್ದು" ಅಂದ. ಮತ್ತೊಮ್ಮೆ ಮುಟ್ಟಿದ. ತಣ್ಣಗ. ಸುಮ್ಮನ ಕುಂತ.

ಗೌಡ್ರು ಆಗಲೇ ಒಳಗ ಕುಂತು, ತಲಿಗೆ ಹೆಲ್ಮೆಟ್ ಹಾಕಿ, ಎದಿಗೆ ಅಗಲ ಅಗಲ ಪಟ್ಟಿ ಬಿಗಿಸಿಕೊಂಡಿದ್ರು. ಅಂಗಿ ದಪ್ಪ, ಬಿಸಿಲು ಚುರುಚುರು. ಹೊತ್ತು ಏರಿತು. ಗೌಡ್ರು ಒದರಿದ್ರು:

"ಲೇ ಮೋನ್ಯಾ! ಎಷ್ಟೊತ್ತಿನಿಂದ ಕಾಯಾಕತ್ತೇನಿ ನಾನು!"

ಮೋನ್ಯಾ ಗಡಬಡಿಸಿ ಎದ್ದ. "ಏನಂದ್ರಿ ಗೌಡ್ರ? ನೀವು ಕಾಯಾಕತ್ತೀರಿ?"

"ಹೌದಲೇ! ಆಗಲಿಂದ ಕಾಯಾಕತ್ತೇನಿ!"

ಮೋನ್ಯಾ ಕಿಟಕ್ಯಾಗ ಕೈ ಹಾಕಿ ಗೌಡ್ರ ಗಲ್ಲ ಮುಟ್ಟಿದ. ಕೆಂಡ! "ಅಯ್ಯ ಶಿವನ! ಕಾಯೋವರು ಇಲ್ಲಿ ಅದಾರ, ನಾ ಅಲ್ಲಿ ಕುಂತೇನಿ!"

ಕಾಳವ್ವ ಕೊಡ ಹೊತ್ತು, ಉಸ್ತಾದ ಡಬ್ಬಿ ಹೊತ್ತು ಬರೂದರಾಗ ಮಂದಿ ಕಾರಿನ ಸುತ್ತ ಗದ್ದಲ ಹಾಕಿದ್ರು. ಒಳಗ ಗೌಡ್ರು ಕಾಣವಲ್ಲರು. ಸೀಟಿನ ಚೌಕಟ್ಟಿಗೆ ನಾಕು ಬೋಲ್ಟಿಲೆ ಬಿಗದ ಹೊಳಿಹೊಳಿಯೋ ತಗಡು, ತಗಡಿನ ಮ್ಯಾಲೆ ಒಂದು ಹೆಲ್ಮೆಟ್, ಹೆಲ್ಮೆಟ್ಟಿನೊಳಗ ಎರಡು ಕಣ್ಣು. ಕೈ ಎರಡೂ ತಗಡಿನ ಹಿಂದ ಸಿಕ್ಕೊಂಡಾವ.

"ಕೂಡಿಸಿದೆ ಯವ್ವಾ! ಮುಟ್ಟಿ ನೋಡಿ ಕೂಡಿಸಿದೆ! ಬೆರಳಗಲ ಗಾಳಿ ಬಿಟ್ಟೇನಿ, ನೋಡು ಬೇಕಾದ್ರ!"

ಕಾಳವ್ವ ಬೈಯಾಕ ಬಾಯಿ ತಗದ್ಳು. ಬೈಗುಳ ಬರಲಿಲ್ಲ, ನಗಿ ಬಂತು. ಕೊಡ ಇಳಿಸಿ ನೆಲಕ್ಕ ಕುಂತು ನಕ್ಕಳು. "ಹೇಳಿದಾಕಿ ನಾನು! ಕಾಯೋದರ ಮುಂದ ಅಂದಾಕಿ ನಾನು! ಇಬ್ಬರಾಗ ದೊಡ್ಡ ಪೆದ್ದಿ ನಾನ ಅಲ್ಲೇನು ಉಸ್ತಾದಣ್ಣಾ?"

ಉಸ್ತಾದ ಬೆನ್ನು ಕೆರಕೋತ ಬಗ್ಗಿ ನೋಡಿದ. ತಗಡು ಹಿಡದು ಜಗ್ಗಿದ. ಅಲುಗಲಿಲ್ಲ. ಬೋಲ್ಟು ತಿರುವಿ ನೋಡಿದ. ಜರುಗಲಿಲ್ಲ. ಬೆರಳು ತೂರಿಸಿ ನೋಡಿದ. ಸುತ್ತಲೂ ಒಂದ ಅಳತಿ.

"ಅಕ್ಕಾ, ಇಷ್ಟು ವರ್ಷದಾಗ ಹಿಂಗ ಬಿಗದವರನ್ನ ನಾ ನೋಡಿಲ್ಲ. ನಾಳಿಂದ ಕಳಸು. ಎಲ್ಲಿ ಬಿಗೀಬೇಕಂತ ನಾ ಬೆರಳು ಮಾಡಿ ತೋರಸತೀನಿ, ಬಾಯಿಲೆ ಹೇಳಂಗಿಲ್ಲ."

ಅಷ್ಟರಾಗ ಬಾವುಟ ಬಿತ್ತು. ಉಳದ ಕಾರೆಲ್ಲ ಧೂಳೆಬ್ಬಿಸಿ ಹ್ವಾದ್ವು. ಆಮ್ಯಾಲ ತಗಡು ಬಿಚ್ಚಿ ನಳಿಗಿಗೆ ಕೂಡಿಸಿದ್ದು, ಗೌಡ್ರು ಎಲ್ಲಾರಕಿಂತ ಕಡೀಕ ಬಂದದ್ದು, ಆದ್ರೂ ಒಂದು ವೈರೂ ಕರಗದ್ದು, ಅದೆಲ್ಲಾ ನಂತರದ ಮಾತು. ಆ ಹೊತ್ತಿನಾಗ ಮಾತ್ರ ಗೌಡ್ರು ತಗಡಿನ ಹಿಂದಿನಿಂದ ಚೀರಾಕತ್ತಿದ್ರು:

"ಯಾರರ ಬಿಚ್ಚರಲೇ! ಇನ್ನೂ ಕಾಯಾಕತ್ತೇನಿ ನಾನು!"

"ಇನ್ನೂ ಕಾಯಾಕತ್ತೀರಿ?" ಅಂದ ಮೋನ್ಯಾ. ಪಾನಾ ಎತ್ತಿಕೊಂಡು ಓಡಿ ಬಂದು, ನಾಕೂ ಬೋಲ್ಟು ಮತ್ತೊಂದು ಸುತ್ತು ಬಿಗದ.