ಹುಣಸೆಮರದ ಪೊಟರೆ ಮತ್ತು ಭ್ರಾಮರಿ ಮಾಸ್ತರು

ಉಸಿರಿನಲ್ಲಿ ಜೇನಿನ ದನಿ ಹೊರಡಿಸುವುದರಲ್ಲಿ ವಿರೂಪಾಕ್ಷ ಮಾಸ್ತರನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಭ್ರಾಮರಿ ಪ್ರಾಣಾಯಾಮ ಗೊತ್ತಲ್ಲ? ಕಣ್ಣು ಮುಚ್ಚಿ, ಬೆರಳಿನಿಂದ ಕಿವಿ ಮುಚ್ಚಿ, ಉಸಿರು ಬಿಡುವಾಗ ದುಂಬಿಯ ಹಾಗೆ ಗುಂಯ್‌ಗುಡುವುದು. ಮಾಡಿ ನೋಡಿ, ತಲೆಬುರುಡೆಯೆಲ್ಲ ತಂಬೂರಿಯಾಗುತ್ತದೆ. ನಿದ್ದೆ ಬಾರದವರು, ಸಿಟ್ಟು ತಡೆಯಲಾರದವರು, ಮಗಳ ಮದುವೆಯ ಚಿಂತೆ ಹೊತ್ತವರು, ಎಲ್ಲರೂ ಊರಂಚಿನ ಅವರ ಯೋಗಶಾಲೆಗೆ ಬರುತ್ತಿದ್ದರು.

ಆ ವಿದ್ಯೆಯನ್ನು ಮಾಸ್ತರು ಕಲಿತದ್ದು ಅದೇ ಅಂಗಳದ ಹುಣಸೆಮರದ ಬುಡದಲ್ಲಿ. ಮರದ ಪೊಟರೆಯೊಳಗೆ ತುಡುವೆ ಜೇನಿನ ದೊಡ್ಡ ಸಂಸಾರವಿತ್ತು. ಅವರ ಗುರು ಒಬ್ಬ ಅಜ್ಜಯ್ಯ, ಮಾತು ಬಹಳ ಕಡಿಮೆ. ಇಪ್ಪತ್ತರ ಹರೆಯದ ವಿರೂಪಾಕ್ಷನನ್ನು ಒಂದು ತಿಂಗಳು ದಿನಾ ಬೆಳಗಾಗುತ್ತಲೇ ಆ ಕಾಂಡಕ್ಕೆ ಕಿವಿಯಾನಿಸಿ ಕೂರಿಸಿದರು. "ಕೇಳು. ಕೇಳಿದ್ದನ್ನ ನಿನ್ನ ಉಸಿರಿಗೆ ಹೇಳಿಕೊಡು" ಎಂದರು. ಅಷ್ಟೇ ಪಾಠ.

ಮುಂದೆ ಅಜ್ಜಯ್ಯ ತೀರಿಕೊಂಡರು, ಶಾಲೆ ಬೆಳೆಯಿತು. ಜನ ಬಂದ ಮೇಲೆ ಜನರ ದೂರುಗಳೂ ಬರಬೇಕಲ್ಲ! ಅಂಗಳದಲ್ಲಿ ಕೆಸರು, ಚಾಪೆಗೆ ಮಣ್ಣು, ಕಳೆಗಿಡದ ತುಂಬ ಹುಳ. ಒಂದು ದಿನ ಶವಾಸನದಲ್ಲಿ ಮಲಗಿದ್ದ ನಿವೃತ್ತ ತಹಶೀಲ್ದಾರರ ಮೂಗಿಗೆ ಜೇನು ಕಡಿಯಿತು. ಶವ ಎದ್ದು ಅಂಗಳದ ತುಂಬ ಓಡಾಡಿತು. ಅಂದು ಹೊಟ್ಟೆ ಹಿಡಿದುಕೊಂಡು ನಕ್ಕವರೇ ಮರುದಿನ, ಇದಕ್ಕೆ ಏನಾದರೂ ಮಾಡಲೇಬೇಕು ಎಂದು ಮಾಸ್ತರ ಬೆನ್ನು ಹತ್ತಿದರು.

ಮಾಸ್ತರು ಮಾಡಿದರು. ಪೊಟರೆಗೆ ಔಷಧಿ ಹೊಡೆಸಿ, ಅದರ ಬಾಯಿಗೆ ಸಿಮೆಂಟು ಮೆತ್ತಿಸಿ, ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದರು. ಸತ್ತ ಹುಳಗಳನ್ನು ಮೊರದ ತುಂಬ ಬಳಿದು ಚೆಲ್ಲಿ, ಅದೇ ಜಾಗದಲ್ಲಿ ಕೂತು ಭ್ರಾಮರಿಯ ಪಾಠ ಹೇಳಿದರು. ಇದರಲ್ಲೇನೋ ತಪ್ಪಿದೆ ಎಂದು ಪಾಠ ಹೇಳಿದವರಿಗೂ ಅನಿಸಲಿಲ್ಲ, ಕೇಳಿದವರಿಗೂ ಅನಿಸಲಿಲ್ಲ.

ಹತ್ತಾರು ವರ್ಷ ಕಳೆದವು. ಹೊಸ ತಂಡದಲ್ಲಿ ಹೂ ಮಾರುವ ನೀಲವ್ವ ಬೆನ್ನುನೋವಿಗೆಂದು ಸೇರಿದ್ದಳು. ಒಂದು ಬೆಳಿಗ್ಗೆ ಭ್ರಾಮರಿ ಶುರುವಾಯಿತು. ಪಾಪ, ಜೇನಿನ ದನಿಯನ್ನೇ ಕೇಳದ ಜನ. ಒಬ್ಬರದು ಮಿಕ್ಸಿ, ಇನ್ನೊಬ್ಬರದು ಏರು ಹತ್ತುವ ಲೂನಾ. ತಿದ್ದಲೆಂದು ಮಾಸ್ತರು ತಾವೇ ಉಸಿರು ಬಿಟ್ಟು ತೋರಿಸಿದರು. ನೀಲವ್ವ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಯಾಕೆ ಎಂದು ಕೇಳಿದರು.

"ಸಿಟ್ಟಾಗಬ್ಯಾಡ್ರಿ ಗುರುಗಳ. ಇದು ಜೇನಲ್ರಿ, ಹಿಟ್ಟಿನ ಗಿರಣಿ. ಹೂವಿನ ಹೊಲದಾಗ ಹುಟ್ಟಿದಾಕಿಗೆ ಗೊತ್ತಾಗಲ್ಲೇನ್ರಿ?"

ಎಲ್ಲರೂ ನಕ್ಕರು. ಮಾಸ್ತರಿಗೆ ನಗು ಬರಲಿಲ್ಲ. ಆ ದನಿಗಾಗಿ ನೆನಪಿನಲ್ಲಿ ತಡಕಾಡಿದರು. ಅಜ್ಜಯ್ಯನ ಮುಖ ಸಿಕ್ಕಿತು. ಕೆನ್ನೆಗೆ ಒತ್ತುತ್ತಿದ್ದ ಒರಟು ತೊಗಟೆ ಸಿಕ್ಕಿತು. ದನಿ ಮಾತ್ರ ಸಿಗಲಿಲ್ಲ.

ಅಂದಿನಿಂದ ಅವರಿಗೆ ಅದೇ ಹಂಬಲ. ಉಣ್ಣಲು ಕೂತರೂ ಅದು, ಬಸ್ಸಿನಲ್ಲಿ ಕೂತರೂ ಅದು. ಇನ್ನೊಮ್ಮೆ, ಒಂದೇ ಒಂದು ಸಲ ಕೇಳಿದರೆ ಸಾಕಿತ್ತು. ಶಿಷ್ಯರೊಬ್ಬರು ಮೊಬೈಲಿನಲ್ಲಿ ಹುಡುಕಿ ಕೇಳಿಸಿದರು. ಮಾಸ್ತರು ಪೂರ್ತಿ ಕೇಳಿ, ಕೈಮುಗಿದು ಫೋನು ಮರಳಿಸಿದರು. ಸದ್ದು ಇತ್ತು. ಕೆನ್ನೆಯೊಳಗೆ ಇಳಿಯುತ್ತಿದ್ದ ಆ ಬೆಚ್ಚಗಿನ ನಡುಕ ಇರಲಿಲ್ಲ.

ಮರುದಿನ ತಾವೇ ಉಳಿ, ಸುತ್ತಿಗೆ ಹಿಡಿದು ಪೊಟರೆಯ ಸಿಮೆಂಟು ಒಡೆದರು. ಒಳಗೆ ಕಪ್ಪಾದ ಮೇಣ, ಧೂಳು, ಜೇಡರಬಲೆ. ಟೈಲ್ಸ್ ಕೀಳಿಸಿದರು. ನೀಲವ್ವ ತಂದುಕೊಟ್ಟ ತುಂಬೆ, ಕಾಮಕಸ್ತೂರಿಯ ಬೀಜ ಚೆಲ್ಲಿದರು, ಬೇಲಿಗುಂಟ ನುಗ್ಗೆ ನೆಟ್ಟರು. ಅಂಗಳ ಮತ್ತೆ ಕೆಸರಾಯಿತು. ಮಾಸ್ತರಿಗೆ ಅರಳುಮರಳು ಎನ್ನುತ್ತ ಅರ್ಧ ಜನ ಪೇಟೆಯ ಎಸಿ ಕೋಣೆಯ ಯೋಗಕ್ಕೆ ಹೋದರು. ಉಳಿದವರಿಗೆ ಆಸನ ಕಲಿಸಿದರು, ಧ್ಯಾನ ಕಲಿಸಿದರು. ಭ್ರಾಮರಿ ಕೇಳಿದರೆ ಮಾತ್ರ, ಅದನ್ನು ಕಲಿಸುವವರು ಬೇರೆ ಇದ್ದಾರೆ, ಬರಲಿ, ಕಾಯೋಣ ಎನ್ನುತ್ತಿದ್ದರು.

ಎಷ್ಟು ಕಾದರು ಅಂತೀರಿ? ಒಂದು ಮಳೆಗಾಲ, ಎರಡು, ಮೂರು. ದಿನಾ ಬೆಳಗಾಗುತ್ತಲೇ ಕಾಂಡಕ್ಕೆ ಕಿವಿ. ತುಂಬೆ ಬೆಳ್ಳಗೆ ಅರಳಿತು. ಚಿಟ್ಟೆಗಳು ಬಂದವು. ಅಳಿಲೊಂದು ಪೊಟರೆಯನ್ನು ಇಣುಕಿ ನೋಡಿ ಹೋಯಿತು. ಜೇನು ಬರಲಿಲ್ಲ. ಕಾಯುತ್ತ ಕಾಯುತ್ತ ಮಾಸ್ತರ ಕಿವಿಯೇ ಮಂದವಾಯಿತು. ಐದನೆಯ ವರ್ಷಕ್ಕೆ ಹತ್ತಿರ ನಿಂತು ಕೂಗಿದರೂ ಕೇಳದ ಹಾಗಾಯಿತು. ಆದರೂ ಕಿವಿಯಾನಿಸುವುದನ್ನು ಬಿಡಲಿಲ್ಲ.

ಹುಣಸೆ ಹೂಬಿಟ್ಟ ಕಾಲದಲ್ಲಿ ಒಂದು ಬೆಳಿಗ್ಗೆ ನೀಲವ್ವ, ಇವರು ಗುರುಗಳು ಎನ್ನುವುದನ್ನೂ ಮರೆತು, ತೋಳು ಹಿಡಿದು ಎಳೆದುಕೊಂಡು ಹೋದಳು. ಪೊಟರೆಯ ಬಾಯಲ್ಲಿ ಜೇನುಹುಳಗಳು ಹೋಗಿಬಂದು ಮಾಡುತ್ತಿದ್ದವು. ಮಾಸ್ತರು ಆತುರದಿಂದ ಕಿವಿಯಾನಿಸಿದರು. ಏನೂ ಇಲ್ಲ. ಇನ್ನೊಂದು ಕಿವಿ. ಏನೂ ಇಲ್ಲ.

"ಬಂದಾರ, ನೀಲವ್ವ. ನನಗ ಕೇಳವಲ್ದು" ಎಂದರು.

ನೀಲವ್ವ ಅವರ ಬೆರಳುಗಳನ್ನು ಹಿಡಿದು, ಭ್ರಾಮರಿಯಲ್ಲಿ ಮುಚ್ಚುವ ಹಾಗೆ ಅವರ ಕಿವಿಗಳನ್ನೇ ಮುಚ್ಚಿಸಿ, ಹಣೆಯನ್ನು ಕಾಂಡಕ್ಕೆ ಒತ್ತಿದಳು.

ನಡುಕ ಮೊದಲು ಹಣೆಯ ಎಲುಬಿಗೆ ಬಂತು. ಅಲ್ಲಿಂದ ಹಲ್ಲಿಗೆ, ಹಲ್ಲಿನಿಂದ ಎದೆಗೆ. ಮಾಸ್ತರ ಉಸಿರು ತಾನಾಗಿ ಅದರ ಜೊತೆ ಹೊರಟಿತು. ಶಿಷ್ಯರು ಸದ್ದಿಲ್ಲದೆ ಬಂದು ಕೆಸರಿನಲ್ಲೇ ಕೂತರು. ನೀಲವ್ವನೂ ಕೂತಳು. ಯಾರೂ ನಗಲಿಲ್ಲ.

ಬಹಳ ಹೊತ್ತಿನ ಮೇಲೆ ಮಾಸ್ತರು ತಿರುಗಿದರು.

"ಎಂಟು ಮೆಟ್ಟಿಲಿನ ಯೋಗದಾಗ ಅಹಿಂಸೆ ಮೊದಲನೇ ಮೆಟ್ಟಿಲಿನ್ಯಾಗ ಐತಿ, ಉಸಿರು ನಾಲ್ಕನೇದು. ನಾನು ಮೊದಲನೇದಕ್ಕ ಸಿಮೆಂಟ್ ಮೆತ್ತಿ, ನಾಲ್ಕನೇದರ ಮ್ಯಾಲೆ ಗುರು ಆಗಿ ಕುಂತಿದ್ದೆ. ಒಬ್ಬೊಬ್ಬರ ಬಂದು ಇಲ್ಲಿ ಕಿವಿ ಇಡ್ರಿ. ಈ ದನಿ ಕೇಳಾಕ ನನಗ ಕಿವಿ ಉಳಿದಿಲ್ಲ. ನಿಮಗ ಅದಾವ. ತಡಾ ಮಾಡಬ್ಯಾಡ್ರಿ."

ನೀತಿ: ನಮಗೆ ಉಸಿರಾಡುವುದನ್ನು ಕಲಿಸಿದ ಜೀವಿಗಳಿಗೆ ಅಂಗಳದಲ್ಲಿ ಜಾಗ ಬಿಡದವನು ಎಷ್ಟು ಹೊತ್ತು ಉಸಿರು ಹಿಡಿದರೂ ಯೋಗಿಯಾಗಲಾರ. ಅವುಗಳನ್ನು ಓಡಿಸುವುದು ಒಂದು ದಿನದ ಕೆಲಸ. ಮರಳಿ ಬರಲಿ ಎಂದು ಕಾಯುವುದಕ್ಕೆ ಒಂದು ಆಯುಸ್ಸು ಸಾಲದೆ ಹೋಗಬಹುದು.