ಬಂದವನ ದಿಬ್ಬ

ಕಳೆದ ಸೋಮವಾರದ ಗಾಳಿಗೆ ಬೆಳ್ಳಿಗನೂರಿನ ‘ಐತಿಹಾಸಿಕ ಸ್ಥಳಗಳಿಗೆ ದಾರಿ’ ಎಂಬ ಫಲಕ ತಿರುಗಿ ನಿಂತು, ಅದರ ಬಾಣದ ಗುರುತು ಹಿಟ್ಟಿನ ಗಿರಣಿಯನ್ನು ತೋರಿಸತೊಡಗಿದ ಗಂಭೀರ ಸಂಗತಿ ವರದಿಯಾಗಿದೆ. ಪ್ರಾಣಹಾನಿಯಾಗಿಲ್ಲ. ಆದರೆ ಊರು ನೋಡಲು ಬಂದ ಕುಟುಂಬವೊಂದು ಚಪ್ಪಲಿ ಹೊರಗೆ ಬಿಟ್ಟು, ಗಿರಣಿಯನ್ನು ಕಾಲು ಗಂಟೆ ಭಕ್ತಿಯಿಂದ ನೋಡಿ, ಫೋಟೋ ತೆಗೆದುಕೊಂಡು ತೃಪ್ತಿಯಿಂದ ಮರಳಿತು. ಮಾಲೀಕರೂ ತಡೆಯಲಿಲ್ಲ. ಆ ಕುಟುಂಬ ನಿಜವಾಗಿ ನೋಡಬೇಕಾಗಿದ್ದ ಮಣ್ಣಿನ ಕೋಟೆಯಲ್ಲಿ ಈಗ ಎರಡು ಬುರುಜುಗಳು ಉಳಿದಿವೆ; ಒಂದರ ಮೇಲೆ ಸಗಣಿಯ ಕುಳ್ಳು ತಟ್ಟುತ್ತಾರೆ. ಊರಬಾಗಿಲಿನ ಕಲ್ಲಿನ ಚೌಕಟ್ಟು ಇದೆ, ಬಾಗಿಲಿಲ್ಲ. ಅದರಾಚೆ ಪೂರ್ವಕ್ಕೆ ಹುಣಸೆ ಮರಗಳ ನಡುವೆ ಒಂದು ದಿಬ್ಬ, ಅದರ ಮೇಲೆ ಸಾಲಾಗಿ ಒಂಬತ್ತು ವೀರಗಲ್ಲುಗಳು. ಎಂಟು ಕಲ್ಲುಗಳು ಸತ್ತವರವು. ದಿಬ್ಬಕ್ಕೆ ಹೆಸರು ಬಂದದ್ದು ಮಾತ್ರ ಒಂಬತ್ತನೆಯದರಿಂದ. ಅದನ್ನು ಬಂದವನ ದಿಬ್ಬ ಎನ್ನುತ್ತಾರೆ.

ಹಿಂದೆ ಒಮ್ಮೆ, ಊರಿಗೆ ಎರೆಗಾವುಂಡನೆಂಬವನು ಒಡೆಯನಾಗಿದ್ದ ಕಾಲದಲ್ಲಿ, ಗಡಿಯಾಚೆಯವರು ಬೆಳ್ಳಿಗನೂರಿನ ದನಗಳನ್ನು ಹೊಡೆದುಕೊಂಡು ಹೋದರಂತೆ. ದನ ಕಾಯುವ ಸಾತಯ್ಯ ಬೆನ್ನಟ್ಟಿ ಹೋದ. ಮೂರನೆಯ ದಿನ ದನಗಳು ಬಂದವು, ಸಾತಯ್ಯ ಬರಲಿಲ್ಲ. ಅವನು ತೊಡೆಗೆ ಈಟಿ ತಗುಲಿ ಹಳ್ಳಕ್ಕೆ ಬಿದ್ದದ್ದನ್ನು ಜೊತೆಗೆ ಹೋದವರು ಕಣ್ಣಾರೆ ಕಂಡಿದ್ದರು. ಎದ್ದದ್ದನ್ನು ನೋಡಲು ನಿಂತಿರಲಿಲ್ಲ. ದನಕ್ಕಾಗಿ ಮಡಿದವನಿಗೆ ಕಲ್ಲು ನಿಲ್ಲಿಸುವುದು ಊರಿನ ಕಟ್ಟಳೆ. ವರ್ಷ ಕಳೆದ ಮೇಲೆ ನಿಲ್ಲಿಸುವುದು ರೂಢಿಯಾದರೂ, ಕಲ್ಲುಕುಟಿಗ ಬಮ್ಮೋಜ ಮಳೆಗಾಲಕ್ಕೆ ಮುಂಚೆ ಬೇರೆ ಊರಿನ ಗುಡಿಯ ಕೆಲಸಕ್ಕೆ ಹೊರಡುವವನಿದ್ದ. ಆದ್ದರಿಂದ ಅವಸರ ಮಾಡಿದರು. ಸಾತಯ್ಯನ ಹೆಂಡತಿ ಜಕ್ಕವ್ವೆ ಮಾತ್ರ, ಹೆಣ ಕಾಣುವ ತನಕ ಬಳೆ ತೆಗೆಯುವುದಿಲ್ಲವೆಂದು ಹಟ ಹಿಡಿದಳು. ದುಃಖದಲ್ಲಿ ಹೀಗಾಗುತ್ತದೆ ಎಂದು ಊರವರು ಕ್ಷಮಿಸಿದರು.

ಸಾತಯ್ಯನನ್ನು ಕುರಿಗಾಹಿಗಳು ಹಳ್ಳದಿಂದ ಎತ್ತಿ, ಸೊಪ್ಪು ಅರೆದು ಕಟ್ಟಿ, ನಲವತ್ತು ದಿನ ಹಾಲು ಕುಡಿಸಿ ಉಳಿಸಿದ್ದರು. ಗಡ್ಡ ಬೆಳೆದು, ಕೋಲೂರಿಕೊಂಡು, ಮನೆಯ ಅಂಬಲಿಯನ್ನೇ ನೆನೆಯುತ್ತ ಅವನು ದಿಬ್ಬದ ಬಳಿ ಬಂದಾಗ ಅಲ್ಲಿ ಜನ ನೆರೆದಿತ್ತು. ಹೊಸ ಕಲ್ಲಿಗೆ ಹಾಲೆರೆಯುತ್ತಿದ್ದರು.

“ಯಾರದಪ್ಪ ಕಲ್ಲು?” ಎಂದು ಮುಂದಿದ್ದವನನ್ನು ಕೇಳಿದ.

“ನಮ್ಮ ಸಾತಯ್ಯಂದು. ದೊಡ್ಡ ಮನುಷ್ಯ. ಮೈಮೇಲೆ ಬೀಳಬೇಡ, ಆಚೆ ನಿಲ್ಲು.”

ಸಾತಯ್ಯ ಆಚೆ ನಿಂತ. ಎರೆಗಾವುಂಡ ಅವನ ಶೌರ್ಯವನ್ನು ವರ್ಣಿಸುತ್ತಿದ್ದ. ಬದುಕಿದ್ದಾಗ ತನ್ನನ್ನು ಮೈಗಳ್ಳ ಎಂದದ್ದು ಬಿಟ್ಟರೆ ಬೇರೇನೂ ಅನ್ನದ ಬಾಯಿಂದ ಅಷ್ಟೆಲ್ಲ ಕೇಳುವುದು ಅವನಿಗೆ ಹಿತವಾಗಿಯೇ ಇತ್ತು. ಪೂರ್ತಿ ಕೇಳಿಯೇ ಹೋಗೋಣವೆಂದುಕೊಂಡ. ಆದರೆ ಎಡೆಗೆ ತಂದ ಹುಗ್ಗಿಯ ವಾಸನೆಗೆ ಬಾಯಲ್ಲಿ ನೀರೂರಿ ನೆತ್ತಿಗೆ ಹತ್ತಿತು, ಕೆಮ್ಮಿಬಿಟ್ಟ. ಆ ಕೆಮ್ಮು ಜಕ್ಕವ್ವೆಗೆ ಹನ್ನೆರಡು ವರ್ಷದ ಪರಿಚಯ. ಎಡೆಯನ್ನು ಕಲ್ಲಿನ ಮುಂದೆ ಇಡದೆ ನೇರವಾಗಿ ತಂದು ಅವನ ಕೈಗಿಟ್ಟಳು.

ಊರು ಸಂತೋಷಪಟ್ಟಿತು, ಆಮೇಲೆ ಯೋಚನೆಗೆ ಬಿತ್ತು. ಪೂಜೆಯಾದ ವೀರಗಲ್ಲನ್ನು ಕೀಳಬಾರದು, ಒಡೆಯಬಾರದು. ಕಲ್ಲಿನ ಕೆಳಗಿನ ಸಾಲಿನಲ್ಲಿ ಸಾತಯ್ಯ ಕಾದಾಡುತ್ತಿದ್ದ; ನಡುವಿನ ಸಾಲಿನಲ್ಲಿ ಇಬ್ಬರು ದೇವಕನ್ನೆಯರು ಅವನನ್ನು ಎತ್ತಿಕೊಂಡು ಹೊರಟಿದ್ದರು; ಮೇಲಿನ ಸಾಲಿನಲ್ಲಿ ಶಿವಲಿಂಗ ಕಾದಿತ್ತು. ಸ್ವರ್ಗಕ್ಕೆ ಹೊರಟವನನ್ನು ಊರೊಳಗೆ ಬಿಟ್ಟುಕೊಂಡರೆ ಊರಿಗೆ ಕೇಡು ತಪ್ಪದು ಎಂದು ಹಿರಿಯರೆಲ್ಲ ತಲೆಯಾಡಿಸಿದರು.

“ನಿನ್ನ ಮೇಲೆ ನಮಗೇನೂ ಸಿಟ್ಟಿಲ್ಲ ಸಾತಾ,” ಎಂದ ಎರೆಗಾವುಂಡ. “ಆದರೆ ಊರಬಾಗಿಲು ದಾಟಬೇಡ. ಕಲ್ಲು ಹೀಗಿರೋವಾಗ ನೀನು ಹಾಗಿದ್ದರೆ ಹೇಗಪ್ಪ?”

“ಕಲ್ಲು ತಪ್ಪಿದೆ ಒಡೆಯಾ, ನಾನಲ್ಲ.”

“ಕಲ್ಲಿಗೆ ಪೂಜೆಯಾಗಿದೆ. ನಿನಗಾಗಿದೆಯಾ?”

ಸಾತಯ್ಯ ಕೋಲು ಕೆಳಗಿಟ್ಟು ಕಲ್ಲಿಗೆ ಒರಗಿ ಕುಳಿತ. ಅಂದಿನಿಂದ ಅವನು ತನ್ನ ಕಲ್ಲಿನ ನೆರಳಿನಲ್ಲೇ ವಾಸಿಸಿದ. ಅಲ್ಲಿಂದ ಅವನ ಮನೆಯ ಸೂರು ಕಾಣುತ್ತಿತ್ತು, ಒಲೆಯ ಹೊಗೆಯೂ ಕಾಣುತ್ತಿತ್ತು. ಜಕ್ಕವ್ವೆ ದಿನಕ್ಕೆರಡು ಸಲ ವೀರನಿಗೆ ಎಡೆಯೆಂದು ಅಂಬಲಿ ತರುತ್ತಿದ್ದಳು, ಅವನು ಕುಡಿಯುತ್ತಿದ್ದ. ದಾರಿಹೋಕರು ಕಲ್ಲಿಗೂ ಅವನಿಗೂ ಸೇರಿಸಿ ಒಂದೇ ಸಲ ಕೈಮುಗಿಯುತ್ತಿದ್ದರು. ಹೊಟ್ಟೆಗೆ ಕೊರತೆಯಿರಲಿಲ್ಲ. ಆದರೂ ಸಂಜೆ ದನಗಳು ಊರಬಾಗಿಲೊಳಗೆ ಹೋಗುವಾಗ ಅವನು ಎದ್ದು ನಿಲ್ಲುತ್ತಿದ್ದ, ಕೊನೆಯ ಕರು ಒಳಗೆ ಹೋದ ಮೇಲೆ ಕೂರುತ್ತಿದ್ದ. ತಾನು ಬಿಡಿಸಿದ ದನಗಳಿಗಿದ್ದ ದಾರಿ ತನಗಿಲ್ಲವಲ್ಲ ಎಂದು ಒಮ್ಮೆ ಮಾತ್ರ ಹೆಂಡತಿಯ ಮುಂದೆ ಹೇಳಿದ.

ಜಕ್ಕವ್ವೆ ಮರುದಿನವೇ, ಗುಡಿಯ ಕೆಲಸಕ್ಕೆ ಹೊರಡಲು ಗಂಟು ಕಟ್ಟುತ್ತಿದ್ದ ಬಮ್ಮೋಜನ ಮುಂದೆ ಹೋಗಿ ನಿಂತಳು.

“ಸ್ವರ್ಗಕ್ಕೆ ಹತ್ತಿಸಿದವರು ನೀವೇ ಓಜರೇ, ಇಳಿಸಿಕೊಡಿ.”

“ಕಲ್ಲಿಗೆ ಸೇರಿಸೋಕೆ ಬರಲ್ಲ ತಾಯಿ. ಕಡಿಯೋಕೆ ಮಾತ್ರ ಬರೋದು.”

“ಹಾಗಾದರೆ ಕಡಿಯಿರಿ. ಆ ಹೆಣ್ಣುಗಳ ಕೈ ಮೊದಲು ಕಡಿಯಿರಿ.”

ಬಮ್ಮೋಜ ದಿಬ್ಬಕ್ಕೆ ಬಂದು ಕಲ್ಲನ್ನು ಪರೀಕ್ಷಿಸಿದ. ಕೆಳಗಿನ ಸಾಲಿಗೂ ನಡುವಿನ ಸಾಲಿಗೂ ಮಧ್ಯೆ ಶಾಸನ ಬರೆಯಲು ಬಿಟ್ಟ ಖಾಲಿ ಪಟ್ಟಿ ಇತ್ತು. ಅಲ್ಲಿ ಮೂರು ಮೆಟ್ಟಿಲು ಕಡಿದ. ದೇವಕನ್ನೆಯರ ಕೈಗಳನ್ನು ಸಾತಯ್ಯನ ತೋಳಿನಿಂದ ಬಿಡಿಸಿದ. ಜಕ್ಕವ್ವೆ ಹೇಳಿದಷ್ಟು ಕಡಿಯಲಿಲ್ಲ. ಬೆರಳಗಲ ಅಂತರ ಬಿಟ್ಟು, ಬೀಳ್ಕೊಡುವಂತೆ ಮಾಡಿದ. ಎರೆಗಾವುಂಡ ಬಂದು ನೋಡಿದ. ಕಲ್ಲನ್ನು ಯಾರೂ ಕಿತ್ತಿರಲಿಲ್ಲ, ಒಡೆದಿರಲಿಲ್ಲ; ಕಲ್ಲೇ ಇಳಿದು ಬಾ ಎನ್ನುವಾಗ ಬೇಡವೆನ್ನಲು ಕಟ್ಟಳೆಯಲ್ಲಿ ದಾರಿಯಿರಲಿಲ್ಲ. “ಮೆಟ್ಟಿಲು ಇಳಿದಾಯ್ತಲ್ಲ, ಇನ್ನು ಇಲ್ಲೇನು ಕೆಲಸ? ನಡಿ, ನಾಳೆ ದನ ಬಿಡಬೇಕು,” ಎಂದ. ಸಾತಯ್ಯ ಕುಂಟುತ್ತ ದನಗಳ ಹಿಂದೆ ಊರಬಾಗಿಲು ದಾಟಿದ.

ಒಂಬತ್ತನೆಯ ಕಲ್ಲಿನಲ್ಲಿ ಆ ಮೂರು ಮೆಟ್ಟಿಲುಗಳು ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ನೋಡಲು ಬಂದವರು ಅವುಗಳ ಮೇಲೆ ಬೆರಳಾಡಿಸುವುದರಿಂದ ಕೆಳಗಿನದು ಸವೆದು ನುಣುಪಾಗಿದೆ. ಮೇಲಿನ ಸಾಲಿನಲ್ಲಿ ಲಿಂಗದ ಪಕ್ಕ ವೀರ ಕೂರಬೇಕಾದ ಜಾಗ ಖಾಲಿ ಇದೆ. ಸಾತಯ್ಯ ಇನ್ನೂ ಮೂವತ್ತೊಂದು ವರ್ಷ ಬದುಕಿ, ನೆಗಡಿಯಿಂದ ಮನೆಯಲ್ಲೇ ತೀರಿಕೊಂಡನಂತೆ. ಅವನಿಗೆ ಎರಡನೆಯ ಕಲ್ಲು ಹಾಕಿಸಲಿಲ್ಲ.